ಮೊದಲ ಮೋಟಾರ್ ಕ್ರೂಸರ್ ಕೊಳ್ಳುವವರಿಗೆ: ಬೋಟನ್ನು ಕೊನೆಗೆ ನೋಡಿ

"ಬೋಟ್ ತಂದಾಯಿತು, ಇನ್ನು ಇದನ್ನು ಎಲ್ಲಿ ಕಟ್ಟುವುದು?" "ಮುಂಗಡ ಕೊಟ್ಟಾಗಿದೆ, ನೋಂದಣಿ ಆಗುತ್ತದೆ ತಾನೇ?" "ಅಳಿವೆ ದಾಟುವಾಗ ತಳ ಮರಳಿಗೆ ತಾಗುತ್ತಿದೆ, ಏನು ಮಾಡಲಿ?" ಕಾರವಾರ, ಕುಮಟಾ, ಹೊನ್ನಾವರದಿಂದ, ಘಟ್ಟದ ಮೇಲಿನ ಶಿರಸಿಯಿಂದಲೂ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳುವವರು ದಡ್ಡರಲ್ಲ. ಎಂಜಿನ್, ಉದ್ದ, ಬೆಲೆ ಎಲ್ಲವನ್ನೂ ಹೋಲಿಸಿ ನೋಡಿದವರೇ. ಎಡವಿದ್ದು ಕ್ರಮದಲ್ಲಿ. ಮೊದಲು ಬೋಟ್ ಆರಿಸಿ, ಆಮೇಲೆ ಅದಕ್ಕೆ ತಕ್ಕ ನೀರನ್ನೂ ಜಾಗವನ್ನೂ ಹುಡುಕಲು ಹೊರಟಿದ್ದಾರೆ. ಅದಕ್ಕೇ ಈ ಬರಹದಲ್ಲಿ ಬೋಟಿನ ಪರೀಕ್ಷೆ ಐದನೆಯ ಹಂತಕ್ಕೆ ಬರುತ್ತದೆ. ಹಂತಗಳನ್ನು ಹಾರಿಸಿ ಓದಬೇಡಿ.

ಇಲ್ಲಿ ಕ್ರೂಸರ್ ಎಂದರೆ 20ರಿಂದ 28 ಅಡಿ ಉದ್ದದ, ಮುಚ್ಚಿದ ಕ್ಯಾಬಿನ್ನಿನಲ್ಲಿ ಇಬ್ಬರು ಮಲಗಬಹುದಾದ, ಒಂದು ಪುಟ್ಟ ಒಲೆಯಿರುವ ಫೈಬರ್ ಬೋಟ್. ಅದಕ್ಕಿಂತ ದೊಡ್ಡದನ್ನು ಮೊದಲ ಬೋಟಾಗಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಕೊಳ್ಳಬೇಡಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಪ್ರಖರ ಟಾರ್ಚ್, ಮಲ್ಟಿಮೀಟರ್, ಅಳತೆ ಟೇಪು, ಬಿಳಿ ಬಟ್ಟೆಯ ಚೂರು, ಸೀಸದ ಗುಂಡು ಕಟ್ಟಿ ಮೀಟರಿಗೊಂದು ಗಂಟು ಹಾಕಿದ ಹಗ್ಗ. ಇಷ್ಟನ್ನು ನೀವೇ ತರಬಹುದು. ತೇವಮಾಪಕ ಮತ್ತು ಎಂಜಿನ್ನಿನ ಕಂಪ್ರೆಷನ್ ಗೇಜನ್ನು ಮೆಕ್ಯಾನಿಕ್ ತರಲಿ. ಆ ಮೆಕ್ಯಾನಿಕ್ ಮಾರುವವನ ಸ್ನೇಹಿತನಾಗಿರಬಾರದು.

## ಹಂತ 1: ನಿಮ್ಮ ನೀರು ಯಾವುದು?

ಕಾಳಿ ನದಿಯಲ್ಲಿ ಕೋಡಿಬಾಗದಿಂದ ಮೇಲಕ್ಕೆ ಕಾಂಡ್ಲಾ ಗಿಡಗಳ ನಡುವೆ ಸುತ್ತಾಡುವುದು ಒಂದು ಬಗೆ. ಬೈತಖೋಲದಿಂದ ಕಡಲಿನ ಕೂರ್ಮಗಡ ದ್ವೀಪದ ಕಡೆಗೆ ಹೋಗಿಬರುವುದು ಇನ್ನೊಂದು. ತದಡಿಯಿಂದ ಅಘನಾಶಿನಿಯ ಒಳಗೆ, ಹೊನ್ನಾವರದಿಂದ ಶರಾವತಿಯ ಒಳಗೆ ತಿರುಗುವುದು ಬೇರೆಯೇ ಸಂಗತಿ. ಮೂರಕ್ಕೂ ಒಂದೇ ಬೋಟ್ ಸಾಲದು. ಮೂರಕ್ಕೂ ಆಗುತ್ತದೆ ಎಂದು ಮಾರುವವನು ಹೇಳಿದರೆ ಅದು ಮೊದಲ ಎಚ್ಚರಿಕೆಯ ಗಂಟೆ.

ಹೆಚ್ಚಿನವರು ಸೋಲುವುದು ಅಳಿವೆಯ ಬಾಯಲ್ಲಿ. ನದಿಯ ಹೂಳು ಮತ್ತು ಕಡಲಿನ ಮರಳು ಸೇರಿ ಅಲ್ಲಿ ದಿಬ್ಬ ಕಟ್ಟುತ್ತವೆ. ಪ್ರತಿ ಮಳೆಗಾಲ ಮುಗಿದಾಗಲೂ ದಿಬ್ಬದ ಜಾಗ ಬದಲಾಗಿರುತ್ತದೆ. ಹೊನ್ನಾವರದ ಅಳಿವೆಯಂತೂ ದಿನವೂ ಅದೇ ದಾರಿಯಲ್ಲಿ ಓಡಾಡುವ ಮೀನುಗಾರರ ಬೋಟುಗಳನ್ನೇ ಮಗುಚಿಹಾಕಿದೆ. ಇಳಿತದ ಹೊತ್ತಿನಲ್ಲಿ ಹೊರಗೆ ಹರಿಯುವ ನೀರು ಒಳಬರುವ ಅಲೆಗೆ ಎದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಒಡೆಯುತ್ತದೆ. ಹೋಗುವಾಗ ಸಲೀಸಾಗಿದ್ದ ಬಾಯಿ ಮರಳುವಾಗ ಬೇರೆಯೇ ಆಗಿರುತ್ತದೆ.

ಆದ್ದರಿಂದ ಬೋಟ್ ನೋಡುವ ಮುನ್ನ, ನೀವು ಓಡಾಡಬೇಕೆಂದಿರುವ ದಾರಿಯಲ್ಲಿ ಅನುಭವಿ ತಾಂಡೇಲರೊಬ್ಬರ (ಮೀನುಗಾರಿಕೆ ಬೋಟಿನ ಮುಖ್ಯಸ್ಥರು) ಬೋಟಿನಲ್ಲಿ ಬಾಡಿಗೆ ಕೊಟ್ಟು ಹೋಗಿ. ಒಮ್ಮೆ ಭರತಿಯಲ್ಲಿ, ಒಮ್ಮೆ ಇಳಿತದಲ್ಲಿ. ಸೀಸದ ಹಗ್ಗ ಇಳಿಬಿಟ್ಟು ಆಳ ಬರೆದುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ಭರತಿ-ಇಳಿತದ ವ್ಯತ್ಯಾಸ ಎರಡು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಭರತಿಯಲ್ಲಿ ಮಾತ್ರ ಅಳೆದವರು ಇಳಿತದಲ್ಲಿ ಮರಳಿನ ಮೇಲೆ ಕೂರುತ್ತಾರೆ. ಸೇತುವೆಗಳ ಕೆಳಗಿನ ಎತ್ತರವನ್ನು ಇದಕ್ಕೆ ಉಲ್ಟಾ ಅಳೆಯಬೇಕು, ತುಂಬು ಭರತಿಯಲ್ಲಿ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಜಾಗದಲ್ಲಿ ಯಾವ ಕಮಾನಿನಡಿ ಹಾದುಹೋಗಬೇಕು ಎಂಬುದನ್ನು ಅಲ್ಲಿಯ ದೋಣಿಯವರಿಂದಲೇ ತಿಳಿಯಿರಿ.

ಇನ್ನು ಗಾಳಿ. ಚಳಿಗಾಲ ಮತ್ತು ಬೇಸಿಗೆಯಲ್ಲಿ ಬೆಳಗಿನ ಹೊತ್ತು ನೆಲದಿಂದ ತೆಳುಗಾಳಿ ಬೀಸುತ್ತದೆ, ಕಡಲು ಕನ್ನಡಿಯಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಕಡಲಗಾಳಿ ಏಳುತ್ತದೆ. ಮಾರುವವರು ಬೋಟ್ ತೋರಿಸುವುದು ಬೆಳಗ್ಗೆ ಎಂಟಕ್ಕೆ. ನೀವು ಕುಟುಂಬ ಸಮೇತ ಮರಳುವುದು ಮಧ್ಯಾಹ್ನ ಮೂರಕ್ಕೆ. ಬೋಟನ್ನು ಅಳೆಯಬೇಕಾದದ್ದು ಆ ಮೂರು ಗಂಟೆಯ ಕಡಲಿಗೆ.

ಯುರೋಪಿನ ಪ್ರಮಾಣಫಲಕ ಇರುವ ಬೋಟಾದರೆ ಒಂದು ಅಕ್ಷರ ನೋಡಿ. 'ಡಿ' ಎಂದಿದ್ದರೆ ಅದು ಸುಮಾರು 0.3 ಮೀಟರ್ ಅಲೆಯ, ಮರೆಯಿರುವ ನೀರಿಗೆ ಮಾಡಿದ್ದು. ನದಿಗೆ ಸಾಕು. 'ಸಿ' ಎಂದಿದ್ದರೆ ದಡದ ಸಮೀಪದ ಕಡಲಿಗೆ, 2 ಮೀಟರ್ ಅಲೆಯವರೆಗೆ. ಕೂರ್ಮಗಡದ ಕಡೆ ತಿರುಗುವವರು 'ಸಿ'ಗಿಂತ ಕೆಳಗಿಳಿಯಬೇಡಿ. ಹಾಗೆಂದು ಎರಡು ಮೀಟರ್ ಅಲೆಯಲ್ಲಿ ಹೋಗಬೇಕೆಂದಲ್ಲ.

ಅದೇ ಫಲಕದಲ್ಲಿ ಎಷ್ಟು ಜನ ಎಂಬುದೂ ಇರುತ್ತದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ಬೋಟ್ ಮಗುಚಿ 16 ಮಂದಿ ತೀರಿಕೊಂಡರು. ಅದರಲ್ಲಿ ಮಿತಿಮೀರಿ ಜನರಿದ್ದರು. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಮಂದಿ ಆರಾದರೆ ಆರು ಜನರ ಬೋಟ್ ಸಾಲದು, ಎಂಟರದ್ದು ನೋಡಿ. ನೆಂಟರು ಬಂದೇ ಬರುತ್ತಾರೆ.

ಅರ್ಗಾದ ನೌಕಾನೆಲೆಯ ಸುತ್ತಲಿನ ನೀರು ಮತ್ತು ಅಂಜದೀವ ದ್ವೀಪ ನೌಕಾಪಡೆಯವು. ಅಲ್ಲಿಗೆ ವಿಹಾರ ಇಲ್ಲ, ಹತ್ತಿರ ಹೋಗಿ ಫೋಟೊ ತೆಗೆಯುವುದೂ ಇಲ್ಲ. ನಿಮ್ಮ ಸುತ್ತಾಟದ ನಕ್ಷೆಯಿಂದ ಅದನ್ನು ಈಗಲೇ ಅಳಿಸಿಹಾಕಿ.

ಹಂತದ ಕೊನೆಗೆ ನಿಮ್ಮ ಬಳಿ ನಾಲ್ಕು ಅಂಕಿಗಳಿರಬೇಕು: ದಾರಿಯ ಅತಿ ಕಡಿಮೆ ಆಳ, ಅತಿ ತಗ್ಗಿನ ಸೇತುವೆಯ ಎತ್ತರ, ಒಂದು ದಿನದ ಅತಿ ದೂರ, ಜನರ ಸಂಖ್ಯೆ. ಇವು ಇಲ್ಲದೆ ಎರಡನೆಯ ಹಂತಕ್ಕೆ ಹೋಗಬೇಡಿ.

## ಹಂತ 2: ಎಂಟು ತಿಂಗಳಿಗೊಂದು ಜಾಗ, ನಾಲ್ಕು ತಿಂಗಳಿಗೊಂದು ಜಾಗ

ಇಲ್ಲಿಯ ಧಕ್ಕೆಗಳು ಮೀನುಗಾರರವು. ಅಲ್ಲಿ ನಿಮ್ಮ ಬಿಳಿ ಬೋಟಿಗೆ ಜಾಗ ಸಿಕ್ಕರೆ ಅದು ಅವರ ಔದಾರ್ಯ, ನಿಮ್ಮ ಹಕ್ಕಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಎಲ್ಲ ಯಾಂತ್ರಿಕ ಬೋಟುಗಳೂ ಒಟ್ಟಿಗೆ ಒಳಗೆ ಬಂದು ನಿಲ್ಲುತ್ತವೆ. ಆಗ ಔದಾರ್ಯಕ್ಕೂ ಜಾಗವಿರುವುದಿಲ್ಲ.

ನದಿಯಲ್ಲಿ ಲಂಗರು ಹಾಕಿ ಬಿಡುತ್ತೇನೆ ಎನ್ನುವವರು ಅಣೆಕಟ್ಟುಗಳನ್ನು ಮರೆಯುತ್ತಾರೆ. ಕದ್ರಾದಿಂದ ನೀರು ಬಿಟ್ಟ ದಿನ ಕಾಳಿಯಲ್ಲಿ ಹರಿವಿನ ಜೊತೆ ಮರದ ದಿಮ್ಮಿಗಳೂ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟ್ ದಡದ ಮೇಲಿರಬೇಕು, ಇದರಲ್ಲಿ ಚೌಕಾಸಿ ಇಲ್ಲ. ಹಾಗಾಗಿ ಮೂರು ಸಂಗತಿ ಖಚಿತವಾಗಬೇಕು: ಎತ್ತುವ ಕ್ರೇನ್ ಅಥವಾ ಇಳಿಜಾರು ದಡ ಎಲ್ಲಿದೆ, ಸಾಗಿಸುವ ಟ್ರೇಲರ್ ಯಾರದು, ನಾಲ್ಕು ತಿಂಗಳು ನಿಲ್ಲಿಸುವ ಜಾಗ ಯಾವುದು. ಬೋಟಿನ ಅಗಲ 8 ಅಡಿಯೊಳಗಿದ್ದರೆ ರಸ್ತೆಯಲ್ಲಿ ತಲೆನೋವು ಕಡಿಮೆ.

ಶಿರಸಿಯ ಮನೆಯಂಗಳದಲ್ಲಿ ಇಡುತ್ತೇವೆ ಎನ್ನುವವರಿಗೆ ಒಂದು ಮಾತು. ಉಪ್ಪುಗಾಳಿ ತಪ್ಪುತ್ತದೆ, ನಿಜ. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ 24 ಅಡಿಯ ಬೋಟನ್ನು ಎಳೆದುಕೊಂಡು ಹೋಗುವ ಚಾಲಕನನ್ನು ಮೊದಲು ಹುಡುಕಿ, ಆಮೇಲೆ ಅಂಗಳ ಅಳೆಯಿರಿ. ಮಲೆನಾಡಿನ ಮಳೆಯಲ್ಲಿ ಮುಚ್ಚಿದ ಕ್ಯಾಬಿನ್ ಎರಡೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ತಾಡಪತ್ರಿಯನ್ನು ಬೋಟಿಗೆ ಬಿಗಿಯಾಗಿ ಸುತ್ತಬೇಡಿ. ಚಪ್ಪರದಂತೆ ಎತ್ತರಿಸಿ ಕಟ್ಟಿ, ಕೆಳಗೆ ಕಿಟಕಿಗಳನ್ನು ತೆರೆದಿಡಿ. ಮೂತಿಯನ್ನು ತುಸು ಎತ್ತರಿಸಿ, ಹಿಂಬದಿಯ ತಳದ ಬಿರಡೆ ತೆಗೆದಿಡಿ. ಒಳಗೆ ನಿಂತ ಒಂದು ಘನ ಮೀಟರ್ ಮಳೆನೀರು ಒಂದು ಟನ್ ತೂಗುತ್ತದೆ. ಆಧಾರದ ದಿಮ್ಮಿಗಳು ಅಷ್ಟಕ್ಕೆ ಸಿದ್ಧವಾಗಿರುವುದಿಲ್ಲ.

## ಹಂತ 3: ಕಚೇರಿಗೆ ಒಂದು ಭೇಟಿ, ಮುಂಗಡಕ್ಕೂ ಮೊದಲು

ಒಳನಾಡು ನೀರಿನಲ್ಲಿ ಎಂಜಿನ್ನಿನಿಂದ ಓಡುವ ನೌಕೆಗೆ 2021ರ ಒಳನಾಡು ನೌಕೆಗಳ ಕಾಯ್ದೆಯಡಿ ಸರ್ವೆ ಪ್ರಮಾಣಪತ್ರವೂ ನೋಂದಣಿಯೂ ಬೇಕು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಚೇರಿ ಬೈತಖೋಲದಲ್ಲೇ ಇರುವುದು ಕಾರವಾರದವರ ಅನುಕೂಲ. ನೀವು ನದಿಯೊಳಗೇ ಇರುತ್ತೀರೋ, ಅಳಿವೆ ದಾಟಿ ಹೊರಗೂ ಹೋಗುತ್ತೀರೋ, ಸ್ವಂತಕ್ಕೋ ಬಾಡಿಗೆಗೋ ಎಂಬುದನ್ನು ಕಾಗದದಲ್ಲಿ ಬರೆದುಕೊಟ್ಟು, ಯಾವ ದಾಖಲೆ ಬೇಕೆಂದು ಕೇಳಿ. ಬಾಯಿಮಾತಿನ ಉತ್ತರ ನಾಳೆ ನೆರವಿಗೆ ಬರುವುದಿಲ್ಲ.

ಗೋವಾ, ಮುಂಬೈ, ಕೊಚ್ಚಿಯಿಂದ ಹಳೆಯ ಬೋಟ್ ತರುವವರು ಇನ್ನೂ ಒಂದು ಕೆಲಸ ಮಾಡಬೇಕು. ಹಿಂಬದಿಯ ಹಲಗೆಯ ಬಲ ಮೇಲ್ತುದಿಯಲ್ಲಿ ಕೆತ್ತಿರುವ ಬೋಟಿನ ಗುರುತು ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಎರಡನ್ನೂ ದಾಖಲೆಯೊಂದಿಗೆ ಅಕ್ಷರಕ್ಷರ ತಾಳೆ ನೋಡಿ. ಕೆತ್ತನೆಯ ಸುತ್ತ ಹೊಸ ಬಣ್ಣ ಬಳಿದಿದ್ದರೆ, ಎಂಜಿನ್ ಸಂಖ್ಯೆ ಉಜ್ಜಿಹೋಗಿದ್ದರೆ ಅಲ್ಲಿಂದಲೇ ಹಿಂತಿರುಗಿ. "ಕಾಗದ ಹಿಂದಿನಿಂದ ಬರುತ್ತದೆ" ಎಂಬ ಬೋಟನ್ನು ಹಿಂದಿನಿಂದಲೇ ಕೊಳ್ಳಬಹುದು.

## ಹಂತ 4: ಎಂಜಿನ್ನಿನ ಬಗೆ

ವೇಗದ ಆಸೆಯನ್ನು ಇಲ್ಲಿ ಇತ್ಯರ್ಥ ಮಾಡಿಕೊಳ್ಳಿ. ನೀರನ್ನು ಸೀಳಿಕೊಂಡು ನಿಧಾನ ಸಾಗುವ ತಳಕ್ಕೆ ಒಂದು ಸಹಜ ಮಿತಿಯಿದೆ: ನೀರಿಗೆ ತಾಗುವ ಉದ್ದದ (ಅಡಿಗಳಲ್ಲಿ) ವರ್ಗಮೂಲವನ್ನು 1.34ರಿಂದ ಗುಣಿಸಿ, ಬರುವ ಸಂಖ್ಯೆಯೇ ನಾಟುಗಳಲ್ಲಿ ವೇಗ (ಒಂದು ನಾಟು ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). 25 ಅಡಿಗೆ ಅದು 6.7 ನಾಟು. ಅಂಥ ಬೋಟಿಗೆ ದೊಡ್ಡ ಎಂಜಿನ್ ಹಾಕಿದರೆ ಹೆಚ್ಚುವುದು ಇಂಧನದ ಖರ್ಚು, ವೇಗವಲ್ಲ. ನೀರಿನ ಮೇಲೆದ್ದು ಜಾರುವ ತಳ ವೇಗ ಕೊಡುತ್ತದೆ, ಮಧ್ಯಾಹ್ನದ ಅಲೆಯಲ್ಲಿ ಸೊಂಟವನ್ನೂ ಕುಲುಕುತ್ತದೆ. ಕಾಳಿಯೊಳಗಿನ ಸುತ್ತಾಟಕ್ಕೆ ನಿಧಾನದ ತಳವೇ ಮೇಲು ಎಂಬುದು ನನ್ನ ಅಭಿಪ್ರಾಯ. ವೇಗದ ಬೋಟ್ ಎಬ್ಬಿಸುವ ಅಲೆಗೆ ಮರಳು ತೆಗೆಯುವ, ಚಿಪ್ಪಿ ಆಯುವ ಸಣ್ಣ ದೋಣಿಗಳು ತುಳುಕುತ್ತವೆ, ಬೈಗುಳ ನಿಮಗೆ.

ಮೊದಲ ಬೋಟಿಗೆ ಹೊರಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ ಒಳ್ಳೆಯದು. ಮರಳು ಬಂದಾಗ ಮೇಲೆತ್ತಬಹುದು, ಬಿಚ್ಚಿ ರಿಪೇರಿಗೆ ಒಯ್ಯಬಹುದು. ಮೀನುಗಾರರ ದೋಣಿಗಳಲ್ಲೂ ಔಟ್‌ಬೋರ್ಡ್ ಇರುವುದರಿಂದ ಮೆಕ್ಯಾನಿಕ್ ಸಿಗುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಅವರ ಕೈ ಪಳಗಿರುವುದು ಸರಳ ಎಂಜಿನ್ನುಗಳಲ್ಲಿ. ಕಂಪ್ಯೂಟರ್ ನಿಯಂತ್ರಣದ ಹೊಸ ಫೋರ್-ಸ್ಟ್ರೋಕ್ ಎಂಜಿನ್ನಿನ ದೋಷ ಓದುವ ಉಪಕರಣ ಹತ್ತಿರದಲ್ಲಿ ಯಾರ ಬಳಿಯಿದೆ ಎಂದು ಕೊಳ್ಳುವ ಮುನ್ನ ಕೇಳಿ.

ಒಳಗೆ ಕೂರಿಸಿದ ಎಂಜಿನ್ ಬೇಕೇ ಬೇಕೆಂದರೆ ಡೀಸೆಲ್ ಇರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ಪೆಟ್ರೋಲ್ ಇನ್‌ಬೋರ್ಡಿನಲ್ಲಿ ಪ್ರತಿ ಸಲವೂ ಸ್ಟಾರ್ಟ್ ಮಾಡುವ ಮುನ್ನ ಕನಿಷ್ಠ 4 ನಿಮಿಷ ಆವಿ ಹೊರಹಾಕುವ ಬ್ಲೋವರ್ ಓಡಿಸಬೇಕು. ಹೊಸಬರು ಮೂರನೆಯ ಸಲ ಮರೆಯುತ್ತಾರೆ.

ಇಂಧನದ ಅಂದಾಜು: ಪೂರ್ತಿ ವೇಗದಲ್ಲಿ 100 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಗಂಟೆಗೆ 35 ಲೀಟರಿನ ಆಸುಪಾಸು ಕುಡಿಯುತ್ತದೆ, ಡೀಸೆಲ್ಲಾದರೆ 20ರ ಆಸುಪಾಸು. ಟ್ಯಾಂಕಿನ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟದೆ ಇಡಲು. ಈ ಲೆಕ್ಕಕ್ಕೆ ಒಂದನೆಯ ಹಂತದ ದೂರ ಹೊಂದದಿದ್ದರೆ ಟ್ಯಾಂಕ್ ಚಿಕ್ಕದು ಎಂದೇ ಅರ್ಥ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ, ಅದು ಕರಾವಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರಾಗಿ ಬೇರ್ಪಡುತ್ತದೆ. ಇಂಧನದಿಂದ ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದ ಬೋಟಿಗೆ ಅದನ್ನು ಹಾಕಿಸುವ ಖರ್ಚು ಸೇರಿಸಿ. ಹಳೆಯ ಎಂಜಿನ್ನಾದರೆ ಅದರ ರಬ್ಬರ್ ಕೊಳವೆಗಳು ಈ ಪೆಟ್ರೋಲಿಗೆ ತಾಳುತ್ತವೆಯೇ ಎಂದೂ ಕೇಳಿ.

## ಹಂತ 5: ದಡದ ಮೇಲೆ ಪರೀಕ್ಷೆ

ಬೋಟ್ ನೀರಿನಲ್ಲಿದ್ದರೆ ಮೇಲೆತ್ತಿಸಿ. ಎತ್ತುವ ಖರ್ಚು ನಿಮ್ಮದೇ ಆಗಲಿ. ಎತ್ತಲು ಒಪ್ಪದವರ ಬೋಟನ್ನು ನೋಡುವ ಅಗತ್ಯವಿಲ್ಲ. ನಂತರ ಈ ಕ್ರಮದಲ್ಲಿ ಸಾಗಿ.

1. ತಟ್ಟಿ ನೋಡಿ. ಹಲಸಿನ ಹಣ್ಣನ್ನು ತಟ್ಟುವ ಹಾಗೆ ಸುತ್ತಿಗೆಯಿಂದ ತಳವನ್ನೆಲ್ಲ ಗೇಣು ಗೇಣಿಗೆ ಮೆಲ್ಲನೆ ತಟ್ಟುತ್ತ ಹೋಗಿ. ಗಟ್ಟಿ ಫೈಬರ್ ಟಣ್ ಎನ್ನುತ್ತದೆ. ದೊಬ್ ಎನ್ನುವ ಜಾಗದಲ್ಲಿ ಪದರ ಬಿಟ್ಟಿದೆ ಅಥವಾ ಒಳಗಿನ ಪ್ಲೈವುಡ್ ನೀರು ಕುಡಿದಿದೆ. ಆ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ತೇವಮಾಪಕ ಅಲ್ಲಿಗೇ ಇಡಿ.

2. ಹಿಂಬದಿಯ ಹಲಗೆ. ಔಟ್‌ಬೋರ್ಡಿನ ಭಾರವೆಲ್ಲ ಕೂರುವುದು ಇದರ ಮೇಲೆ. ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೈಭಾರ ಬಿಟ್ಟು ಮೇಲೆ ಕೆಳಗೆ ಒತ್ತಿ, ಇನ್ನೊಬ್ಬರು ಹಲಗೆಯನ್ನೇ ನೋಡುತ್ತಿರಲಿ. ಹಲಗೆ ಬಾಗಿದರೆ, ಬೋಲ್ಟುಗಳ ಸುತ್ತ ಕಂದು ನೀರು ಒಸರಿದ ಗೆರೆಯಿದ್ದರೆ ಒಳಗಿನ ಮರ ಕೊಳೆತಿದೆ. ಹಳೆಯ ಬೋಟುಗಳಲ್ಲಿ ಇದಕ್ಕಿಂತ ದೊಡ್ಡ ರಿಪೇರಿ ಕಡಿಮೆ. ಮಾರುವವನು ಬೆಲೆ ಇಳಿಸಿದರೂ ಮೊದಲ ಬೋಟಾಗಿ ಇಂಥದ್ದು ಬೇಡ.

3. ಗುಳ್ಳೆ ಮತ್ತು ಬಿರುಕು. ನೀರಿನ ಗೆರೆಯ ಕೆಳಗೆ ಸಣ್ಣ ಗುಳ್ಳೆಗಳಿದ್ದು, ಚುಚ್ಚಿದರೆ ಹುಳಿ ವಾಸನೆಯ ದ್ರವ ಬಂದರೆ ನೀರು ಪದರದೊಳಗೆ ಇಳಿದಿದೆ. ನಾಲ್ಕಾರು ಗುಳ್ಳೆಗೆ ಹೆದರಬೇಕಿಲ್ಲ, ತಳವೆಲ್ಲ ಹರಡಿದ್ದರೆ ಬಿಡಿ. ಮೇಲ್ಮೈಯ ಕೂದಲೆಳೆ ಬಿರುಕು ಅಂದಕ್ಕೆ ಕುಂದು ಅಷ್ಟೆ. ನಕ್ಷತ್ರದಂತೆ ಒಂದು ಬಿಂದುವಿನಿಂದ ಹರಡಿದ ಬಿರುಕು ಪೆಟ್ಟಿನ ಗುರುತು. ಮೊನ್ನೆ ಮೊನ್ನೆ ಬಣ್ಣ ಬಳಿದ ತಳವನ್ನು ಕಂಡರೆ ಸಂತೋಷಪಡಬೇಡಿ, ಅನುಮಾನಪಡಿ.

4. ಪ್ರೊಪೆಲ್ಲರ್ ಮತ್ತು ಸತುವಿನ ತುಂಡು. ಫ್ಯಾನನ್ನು ಬಿಚ್ಚಿಸಿ. ಶಾಫ್ಟಿನ ಸುತ್ತ ಬಲೆಯ ನೂಲು ಸುತ್ತಿಕೊಂಡಿದ್ದರೆ ಅದು ಆಯಿಲ್ ಸೀಲನ್ನು ಕೊರೆದಿರುತ್ತದೆ. ಈ ಕರಾವಳಿಯಲ್ಲಿ ಅದು ತೀರ ಸಾಮಾನ್ಯ. ಗೇರ್ ಆಯಿಲಿನ ಒಂದು ಹನಿ ಬಿಳಿ ಬಟ್ಟೆಯ ಮೇಲೆ ಬಿಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ. ಎಂಜಿನ್ನಿನ ಬದಲು ತಾನು ತುಕ್ಕಿಗೆ ತುತ್ತಾಗಲೆಂದೇ ಇರುವ ಸತು ಅಥವಾ ಅಲ್ಯೂಮಿನಿಯಂ ತುಂಡು ಅರ್ಧ ಸವೆದಿದ್ದರೆ ಅದು ಕೆಲಸ ಮಾಡಿದೆ, ಬದಲಿಸಿದರಾಯಿತು. ಹಳೆಯ ಬೋಟಿನಲ್ಲಿ ಅದು ಸ್ವಲ್ಪವೂ ಸವೆದಿಲ್ಲದಿದ್ದರೆ ವೈರಿನ ಸಂಪರ್ಕ ತಪ್ಪಿದೆ, ಸವೆದದ್ದು ಎಂಜಿನ್. ಕಾಳಿ, ಅಘನಾಶಿನಿಯ ಸವಳು ನೀರಿಗೆ ಅಲ್ಯೂಮಿನಿಯಂ ತುಂಡೇ ಸರಿ.

5. ಕಂಪ್ರೆಷನ್. ಗೇಜ್ ತೋರಿಸುವ ಒತ್ತಡದಲ್ಲಿ ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಿದೆ. ಓಡಿದ ಗಂಟೆಗಳ ಮೀಟರ್ ನೋಡಿ, ಆದರೆ ನಂಬಬೇಡಿ. ಪ್ರತಿ ಓಟದ ನಂತರ ಸಿಹಿನೀರಿನಿಂದ ತೊಳೆಯುತ್ತಿದ್ದರೇ ಎಂದು ಕೇಳಿ, ತೊಳೆಯುವ ಪೈಪಿನ ಜೋಡಣೆ ತೋರಿಸಲು ಹೇಳಿ. ತಡಕಾಡಿದರೆ ಉತ್ತರ ಸಿಕ್ಕಿತು.

6. ವೈರು ಮತ್ತು ಅನಿಲ. ಒಂದು ವೈರಿನ ತುದಿ ಸುಲಿಸಿ. ತಾಮ್ರ ಕಪ್ಪಾಗಿದ್ದರೆ ಎಲ್ಲ ವೈರುಗಳೂ ಹಾಗೇ ಇರುತ್ತವೆ. ಬೋಟಿಗೆ ತವರ ಲೇಪಿಸಿದ ತಾಮ್ರದ ವೈರೇ ಬೇಕು, ಮನೆಯ ವೈರಿಂಗಿನದಲ್ಲ. ಅಡುಗೆ ಅನಿಲವೂ ಗಾಳಿಗಿಂತ ಭಾರ. ಸಿಲಿಂಡರ್ ಕ್ಯಾಬಿನ್ನಿನೊಳಗೆ ಇದ್ದರೆ ತೆಗೆಸಿ, ತಳದಲ್ಲಿ ಹೊರಕ್ಕೆ ರಂಧ್ರವಿರುವ ಪ್ರತ್ಯೇಕ ಪೆಟ್ಟಿಗೆಯಲ್ಲಿಡಿ.

ಕ್ಯಾಬಿನ್ನಿನ ಸೋಫಾ, ಬಣ್ಣ, ಸ್ಪೀಕರು ಇವನ್ನೆಲ್ಲ ಕೊನೆಗೆ ನೋಡಿ. ಅಲ್ಲಿ ಕೇಳಬೇಕಾದ್ದು ಎರಡೇ: ಏಪ್ರಿಲ್ ಮಧ್ಯಾಹ್ನ ಗಾಳಿಯಾಡುತ್ತದೆಯೇ, ಕಿಟಕಿಗಳಿಗೆ ಸೊಳ್ಳೆಪರದೆ ಇದೆಯೇ.

## ಹಂತ 6: ನೀರಿನ ಮೇಲೆ ಪರೀಕ್ಷೆ

ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ, ಎಂಜಿನ್ನಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿ ಪಳಗಿಸಿದ್ದಾರೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಬನ್ನಿ.

ತಣ್ಣನೆಯ ಎಂಜಿನ್ ಸ್ಟಾರ್ಟ್ ಆದೊಡನೆ ತಂಪುಗೊಳಿಸುವ ನೀರಿನ ಸಣ್ಣ ಧಾರೆ ಹೊರಬರಬೇಕು. ಧಾರೆ ಸೊರಗಿದ್ದರೆ ಪಂಪಿನ ರಬ್ಬರ್ ಚಕ್ರ ಸವೆದಿದೆ ಅಥವಾ ಒಳದಾರಿಯಲ್ಲಿ ಉಪ್ಪು ಕಟ್ಟಿದೆ. ಮೊದಲನೆಯದು ಅಗ್ಗ, ಎರಡನೆಯದು ಅಲ್ಲ. ಎಂಜಿನ್ ಬಿಸಿಯಾದ ಮೇಲೂ ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಡೀಸೆಲ್ಲಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಭಾರ ಹೆಚ್ಚಾಗಿದೆ.

ನಿಮ್ಮ ಮನೆಮಂದಿಯಷ್ಟೇ ಜನರನ್ನು ಹತ್ತಿಸಿ. ಪೂರ್ತಿ ವೇಗದಲ್ಲಿ ಎಂಜಿನ್ನಿನ ಸುತ್ತು ತಯಾರಕರು ಹೇಳಿದ ಮಿತಿಯೊಳಗೆ ಬರಬೇಕು. ಅಷ್ಟಕ್ಕೆ ಏರದಿದ್ದರೆ ಫ್ಯಾನಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಹೆಚ್ಚಾಗಿರಬಹುದು. ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ತಳವೂ ಫ್ಯಾನೂ ಸರಿಯಿದ್ದು ಸುತ್ತು ಏರದಿದ್ದರೆ ಎಂಜಿನ್ ಸೋತಿದೆ. ಕೆಲವು ನಿಮಿಷ ಹಾಗೇ ಓಡಿಸಿ ಶಾಖದ ಮುಳ್ಳು ನೋಡುತ್ತಿರಿ. ನಂತರ ಎರಡೂ ಕಡೆ ಬಿಗಿಯಾಗಿ ತಿರುಗಿಸಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ. ಕೊನೆಗೆ ತಳದ ಮುಚ್ಚಳ ತೆಗೆದು ಟಾರ್ಚ್ ಹಾಕಿ. ಹೊರಡುವಾಗ ಒಣಗಿದ್ದ ತಳದಲ್ಲಿ ಈಗ ನೀರಿದ್ದರೆ, ಅದು ಎಲ್ಲಿಂದ ಬಂತೆಂದು ತಿಳಿಯುವ ತನಕ ಹಣದ ಮಾತು ಬೇಡ.

ಈ ಪರೀಕ್ಷೆಯನ್ನು ಮಧ್ಯಾಹ್ನ ಎರಡರ ಮೇಲೆ ಇಟ್ಟುಕೊಳ್ಳಿ. ಕಾರಣ ಮೊದಲೇ ಹೇಳಿದ್ದೇನೆ.

## ಹಂತ 7: ಹಣ

ವಿಹಾರ ಬೋಟುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40. ಹೊಸದಕ್ಕೆ ದರಪಟ್ಟಿ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಮೊದಲು ಕೇಳಿ. ಬೆಲೆಯ ಹತ್ತನೆಯ ಒಂದು ಭಾಗ ಪ್ರತಿವರ್ಷ ನಿರ್ವಹಣೆಗೆ ಹೋಗುತ್ತದೆ ಎಂಬುದು ಬೋಟಿನವರ ಹಳೆಯ ಲೆಕ್ಕ. ನಮ್ಮಲ್ಲಿ ಪ್ರತಿವರ್ಷ ಎತ್ತಿ ಇಳಿಸುವ ಖರ್ಚು ಇರುವುದರಿಂದ ನಾನು ಅದಕ್ಕಿಂತ ಹೆಚ್ಚೇ ಹಿಡಿಯುತ್ತೇನೆ. ಕೈಯಲ್ಲಿರುವ ಹಣದ ಮುಕ್ಕಾಲು ಪಾಲಿಗೆ ಬೋಟ್ ಹುಡುಕಿ, ಉಳಿದದ್ದು ಮೊದಲ ವರ್ಷಕ್ಕೇ ಬೇಕಾಗುತ್ತದೆ. ವಿಮೆಯ ಕಾಗದದಲ್ಲಿ ಮಳೆಗಾಲದ ಷರತ್ತು, ಓಡಾಟದ ಗಡಿ, ಚಾಲಕನ ಅರ್ಹತೆ ಈ ಮೂರು ಸಾಲುಗಳನ್ನು ನೀವೇ ಓದಿ.

## ಹಂತ 8: ಕೈಗೆ ಬಂದ ಮೇಲೆ ಮೊದಲ ತಿಂಗಳು

ತಲೆಗೊಂದರಂತೆ ಲೈಫ್ ಜಾಕೆಟ್, ಮಕ್ಕಳಿಗೆ ಅವರ ಅಳತೆಯದ್ದೇ. ಬೋಟ್ ತಡೆದು ನಿಲ್ಲಿಸಬಲ್ಲ ಲಂಗರು, ಅದಕ್ಕೆ ಆಳದ ಐದರಿಂದ ಏಳು ಪಟ್ಟು ಉದ್ದದ ಹಗ್ಗ. ಗಿಡ್ಡ ಹಗ್ಗದ ಲಂಗರು ನೆಲ ಕಚ್ಚುವುದಿಲ್ಲ, ಜಾರುತ್ತದೆ. ಕೈಯಿಂದ ನಡೆಸುವ ನೀರೆತ್ತುವ ಪಂಪ್, ಬೆಂಕಿ ನಂದಿಸುವ ಸಿಲಿಂಡರ್, ಫ್ಯಾನಿಗೆ ಸುತ್ತಿದ ಬಲೆ ಕತ್ತರಿಸಲು ಹರಿತವಾದ ಚಾಕು. ದಡದಿಂದ ದೂರ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಹಾಗಾಗಿ ಹೊರಗೆ ಹೋಗುವವರಿಗೆ ವಿಎಚ್‌ಎಫ್ ರೇಡಿಯೊ ಬೇಕು. ತುರ್ತಿಗೆ 16ನೇ ಚಾನೆಲ್. ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಹೊರಡುವ ಹಿಂದಿನ ರಾತ್ರಿ ಇನ್‌ಕಾಯಿಸ್‌ನ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ) ಅಲೆ ಮುನ್ಸೂಚನೆ ನೋಡಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲೊಬ್ಬರಿಗೆ ಬರೆದುಕೊಡಿ. ಮೊದಲ ತಿಂಗಳು ಏರುವ ಭರತಿಯಲ್ಲಿ ಮಾತ್ರ ಓಡಾಡಿ: ಮರಳಿಗೆ ತಾಗಿದರೂ ಏರುವ ನೀರು ಎತ್ತಿಬಿಡುತ್ತದೆ, ಇಳಿತದಲ್ಲಿ ತಾಗಿದರೆ ಮುಂದಿನ ಭರತಿವರೆಗೆ ಅಲ್ಲೇ ಕೂರಬೇಕು. ಬಲೆಯ ತೇಲುಗಳ ಸಾಲು ಕಂಡರೆ ನಡುವೆ ನುಗ್ಗದೆ ಸುತ್ತಿಕೊಂಡು ಹೋಗಿ. ದಡದಿಂದ ಏಂಡಿ ಬಲೆ ಎಳೆಯುತ್ತಿರುವಾಗ ಆ ಕಡೆಗೇ ಹೋಗಬೇಡಿ, ಹರಿದ ಬಲೆಯ ನಷ್ಟ ನಿಮ್ಮ ತಲೆಗೇ ಬರುತ್ತದೆ.

ಎಂಜಿನ್ ಹೊಸದಾದರೆ ಮೊದಲ 10 ಗಂಟೆ ಪೂರ್ತಿ ವೇಗದಲ್ಲಿ ಎಳೆಯದೆ ಕೈಪಿಡಿಯಲ್ಲಿ ಹೇಳಿದಂತೆ ಪಳಗಿಸಿ, 20 ಗಂಟೆಗೆ ಮೊದಲ ಸರ್ವಿಸ್ ಮಾಡಿಸಿ. ಹಳೆಯದಾದರೆ ಮಾರಿದವರ ಮಾತೇನೇ ಇರಲಿ, ಎಂಜಿನ್ ಆಯಿಲ್, ಗೇರ್ ಆಯಿಲ್, ಇಂಧನ ಫಿಲ್ಟರ್, ಪಂಪಿನ ರಬ್ಬರ್ ಚಕ್ರ ನಾಲ್ಕನ್ನೂ ಮೊದಲ ಓಟಕ್ಕೆ ಮುನ್ನವೇ ಬದಲಿಸಿ, ದಿನಾಂಕವನ್ನೂ ಗಂಟೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.